ಇಪ್ಪತ್ತೆಂಟು ಕೀಲಿನ ಜೋಕುಮಾರ

ದೋರನಹಳ್ಳಿಯ ಬಾಲರಾಜನ ಮನೆಗೆ ಹೋದವರು ಮೊದಲು ದೇವರಿಗೆ ಕೈ ಮುಗಿಯಬೇಕೆಂದರೆ ಸ್ವಲ್ಪ ಹುಡುಕಬೇಕಾಗುತ್ತದೆ. ದೇವರು ಇಲ್ಲವೆನ್ನುವಂತಿಲ್ಲ. ಅಡುಗೆಮನೆಯ ಮೂಲೆಯಲ್ಲಿ, ಬೇಳೆಯ ಡಬ್ಬಿಗಳ ಪಕ್ಕ, ಒಂದು ಗೇಣಿನ ಹಲಗೆಯ ಮೇಲೆ ಒಬ್ಬರಿಗೊಬ್ಬರು ಒತ್ತಿಕೊಂಡು ಕುಳಿತಿದ್ದಾರೆ. ಪಡಸಾಲೆಯ ಗೋಡೆಯುದ್ದಕ್ಕೂ ಇರುವ ಗಾಜಿನ ಕಪಾಟು, ಅದರೊಳಗಿನ ಸಣ್ಣ ದೀಪಗಳು, ಧೂಳು ನುಸುಳದಂತೆ ಸಂದಿಗೆ ಬಡಿದ ರಬ್ಬರು, ಈ ವೈಭವವೆಲ್ಲ ಇನ್ನೂರ ನಲವತ್ತು ಆ್ಯಕ್ಷನ್ ಫಿಗರುಗಳಿಗೆ. ಅಂಗೈ ಉದ್ದದಿಂದ ಹಿಡಿದು ಒಂದು ಅಡಿಯವರೆಗಿನ ಪ್ಲಾಸ್ಟಿಕ್ಕಿನ ವೀರರು. ಕುತ್ತಿಗೆ, ಭುಜ, ಮೊಳಕೈ, ಮೊಣಕಾಲು, ಎಲ್ಲಕ್ಕೂ ಕೀಲು. ಹೇಗೆ ತಿರುಗಿಸಿ ನಿಲ್ಲಿಸಿದರೆ ಹಾಗೆ ನಿಲ್ಲುತ್ತವೆ.

ಊರವರು ಅವನ್ನು ಗೊಂಬೆ ಎನ್ನುತ್ತಾರೆ. ಹಾಗೆಂದವರಿಗೆ ಬಾಲರಾಜ ಚಹಾ ಆರಿ ಕೆನೆಗಟ್ಟುವವರೆಗೆ ಪಾಠ ಹೇಳುತ್ತಾನೆ.

“ಗೊಂಬಿ ಅನ್ನಬ್ಯಾಡ್ರಿ. ಗೊಂಬಿ ಕುಂದ್ರಿಸಿದಲ್ಲೇ ಕುಂದ್ರತದ. ಇದರ ಮೊಳಕೈ ನೋಡ್ರಿ, ಎರಡು ಕಡಿ ಮಡಚ್ತದ.”

“ಮಡಚಿ ಮಾಡೋದೇನು?” ಎಂದು ಒಳಗಿನಿಂದ ಅವನ ಹೆಂಡತಿ ರೇಣುಕಾದೇವಿ ಕೇಳುತ್ತಾಳೆ. “ಒಂದು ಕೊಡ ನೀರು ತರ್ತದೇನು?”

ಅವನು ಉತ್ತರ ಕೊಡುವುದಿಲ್ಲ. ಮದುವೆಯಾಗಿ ಹದಿನಾಲ್ಕು ವರ್ಷಗಳಲ್ಲಿ ಅವಳ ಪ್ರಶ್ನೆಗೆ ಅವನು ತಿರುಗಿ ನೋಡಿ ಉತ್ತರ ಕೊಟ್ಟಿದ್ದನ್ನು ಪಕ್ಕದ ಮನೆಯವಳಾದ ನಾನಂತೂ ಕಂಡಿಲ್ಲ. ಅವನ ಮುಖ ಸದಾ ಕಪಾಟಿನ ಕಡೆಗೆ.

ಬಾಲರಾಜನಿಗೆ ನಲವತ್ತೊಂದು ವರ್ಷ. ಶಹಾಪುರದಲ್ಲಿ ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಹಲ್ಲಿನ ಸೆಟ್ಟು ಮಾಡುವ ಅಂಗಡಿ ಇಟ್ಟಿದ್ದಾನೆ. ಡಾಕ್ಟರುಗಳು ಬಾಯಿಯ ಅಚ್ಚು ತೆಗೆದು ಕಳಿಸುತ್ತಾರೆ. ಇವನು ಅದಕ್ಕೆ ತಕ್ಕಂತೆ ಗುಲಾಬಿ ಬಣ್ಣದ ವಸಡು ಎರಕ ಹೊಯ್ದು ಹಲ್ಲು ಕೂಡಿಸುತ್ತಾನೆ. ‘ಕಲ್ಲಿನ ಮೇಲೆ ಬಿದ್ದರೂ ಒಡೆಯದ ಹಲ್ಲು’ ಎಂದು ಬೋರ್ಡು ಬರೆಸಿದ್ದಾನೆ. ಬಾಯಲ್ಲಿರಬೇಕಾದ ಹಲ್ಲು ಕಲ್ಲಿನ ಮೇಲೆ ಯಾಕೆ ಬೀಳುತ್ತದೆಂದು ಈವರೆಗೆ ಯಾರೂ ಕೇಳಿಲ್ಲ. ನಮ್ಮ ಸುತ್ತಲಿನ ಮೂರು ಊರುಗಳ ಮುದುಕರು ಅವನ ಹಲ್ಲಿನಿಂದಲೇ ರೊಟ್ಟಿ ಕಡಿಯುತ್ತಾರೆ, ಅವನ ಹಲ್ಲಿನಿಂದಲೇ ಅವನನ್ನು ಆಡಿಕೊಳ್ಳುತ್ತಾರೆ.

ಅಂಗಡಿಯ ಸಣ್ಣ ಡ್ರಿಲ್ಲು, ಅರ, ವಸಡಿನ ಪುಡಿ, ಎಲ್ಲವೂ ಸಂಜೆಯ ಮೇಲೆ ಫಿಗರುಗಳ ಸೇವೆಗೆ ಸಲ್ಲುತ್ತವೆ. ಕೊಂಡುಕೊಂಡದ್ದನ್ನು ಇದ್ದ ಹಾಗೆ ಇಡುವವರು ಅವನ ದೃಷ್ಟಿಯಲ್ಲಿ ಬರೀ ಗಿರಾಕಿಗಳು. ಒಂದರ ತಲೆ ಕಿತ್ತು ಇನ್ನೊಂದರ ಮುಂಡಕ್ಕೆ ಹಾಕಬೇಕು, ಮೂರನೆಯದರ ಕೈ ತಂದು ಕೂಡಿಸಬೇಕು, ವಸಡಿನ ಪುಡಿ ಕಲಸಿ ತೋಳಿಗೆ ಮಾಂಸ ತುಂಬಬೇಕು, ಉಜ್ಜಿ ಬಣ್ಣ ಹಚ್ಚಬೇಕು. ಇದಕ್ಕೆ ‘ಕಸ್ಟಮ್’ ಎನ್ನುತ್ತಾರಂತೆ. ಬಣ್ಣದ ಕೆಳಗೆ ಅವನ ವೀರರೆಲ್ಲರ ಮೈಯೂ ವಸಡಿನ ಬಣ್ಣದ್ದೇ. ಪ್ಲಾಸ್ಟಿಕ್ಕಿನ ತಲೆ ಸುಲಭವಾಗಿ ಬರಬೇಕಾದರೆ ಕುದಿಯುವ ನೀರಿನಲ್ಲಿ ಅದ್ದಬೇಕು. ಕುದಿಯುವ ನೀರು ಮನೆಯಲ್ಲಿ ಎಲ್ಲಿರುತ್ತದೆ? ಹೀಗಾಗಿ ಒಮ್ಮೆ ರೇಣುಕಾದೇವಿ ಅಣ್ಣನಿಗೆ ಚಹಾ ಸೋಸಿದಾಗ ಜರಡಿಯಲ್ಲಿ ಒಬ್ಬ ಸೇನಾಪತಿಯ ತಲೆ ಸಿಕ್ಕಿತು. ಅಣ್ಣ ಆಮೇಲೆ ಆ ಮನೆಯಲ್ಲಿ ಬರೀ ನೀರು ಕುಡಿಯುತ್ತಾನೆ, ಅದೂ ಲೋಟದೊಳಗೆ ಬಗ್ಗಿ ನೋಡಿ.

ಶಹಾಪುರದಲ್ಲಿ ಕೊರಿಯರ್ ಆಫೀಸು ನಡೆಸುವ ಶರೀಫಸಾಬನಿಗೆ ಇವನ ಡಬ್ಬಿಗಳ ತೂಕವೇ ಬಾಯಿಪಾಠ. “ಬಾಲರಾಜ, ಬಾರಪಾ, ನಿಂದೊಂದು ಮಯ್ಯತ್ ಬಂದದ” ಎಂದು, ಹೆಣ ಬಂದವರ ದನಿಯಲ್ಲಿ, ಫೋನು ಮಾಡುತ್ತಾನೆ. “ಜಲ್ದಿ ಒಯ್ಯಿ. ಪೆಟ್ಟಿಗಿ ನೋಡಿ ಮಂದಿ ಸಲಾಮ್ ಹೊಡದು ಹೋಗಾಕತ್ತಾರ.”

ಇಂಥವನನ್ನು ‘ಸರ್’ ಎಂದು ಕರೆಯುವವರೂ ಜಗತ್ತಿನಲ್ಲಿದ್ದರು. ಹೈದರಾಬಾದಿನಲ್ಲಿ ಇದೇ ಹುಚ್ಚಿನವರದೊಂದು ಫೋನ್ ಬಳಗವಿದೆ. ವರ್ಷಕ್ಕೊಮ್ಮೆ ಮೇಳ ಮಾಡುತ್ತಾರೆ, ತಮ್ಮ ತಮ್ಮ ಕೈಕೆಲಸವನ್ನು ಮೇಜಿನ ಮೇಲಿಟ್ಟು ಒಬ್ಬರನ್ನೊಬ್ಬರು ಹೊಗಳಿ ಊಟ ಮಾಡಿ ಹೋಗುತ್ತಾರೆ. ಬಾಲರಾಜನಿಗೆ ಆರು ವರ್ಷದಿಂದ ಬಾಗಿಲ ಬಳಿಯ, ಫ್ಯಾನಿನ ಗಾಳಿ ಬಾರದ ಮೇಜು.

ಹೋದ ವರ್ಷ ಜ್ಯೇಷ್ಠ ಮಾಸದಲ್ಲಿ ಅವನ ದೊಡ್ಡವ್ವ ಅಮೃತಮ್ಮ ಮನೆಗೆ ಬಂದಳು. ಅಪ್ಪನ ಅಣ್ಣನ ಹೆಂಡತಿ, ಎಪ್ಪತ್ತರ ಮೇಲಾಗಿದೆ. ಮನೆತನ ಭೀಮಾ ನದಿಯ ದಂಡೆಯಿಂದ ಬಂದ ಅಂಬಿಗರದು. ದೋಣಿ ಹೋಗಿ ಎರಡು ತಲೆಮಾರಾಯಿತು, ಆದರೆ ಜೋಕುಮಾರನ ಬುಟ್ಟಿ ಹೊರುವ ಹಕ್ಕು ಇವರ ಮನೆಯ ಹೆಂಗಸರದೇ. ಭಾದ್ರಪದದಲ್ಲಿ ಗಣಪ್ಪ ಬಂದು ಹೋಗುತ್ತಲೇ ಜೋಕುಮಾರ ಹುಟ್ಟುತ್ತಾನೆ. ಏಳು ದಿನದ ಆಯುಷ್ಯ. ಬೇವಿನ ಸೊಪ್ಪು ಹಾಸಿದ ಬುಟ್ಟಿಯಲ್ಲಿ ಅವನನ್ನು ಕೂರಿಸಿ, ಹಾಡುತ್ತ ಮನೆಮನೆಗೆ ಒಯ್ಯುತ್ತಾರೆ. ಮನೆಯವರು ಮೊರದಲ್ಲಿ ಜೋಳ ತಂದು ಹಾಕಿ, ಅವನ ಬಾಯಿಗೆ ಬೆಣ್ಣೆ ಹಚ್ಚಿ, ತಮ್ಮ ಕಷ್ಟ ಹೇಳಿಕೊಳ್ಳುತ್ತಾರೆ. ಹುಣ್ಣಿಮೆಯ ದಿನ ಅಗಸ ತನ್ನ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಅವನ ತಲೆ ಒಡೆಯುತ್ತಾನೆ. ಸತ್ತವನು ನೇರ ಶಿವನ ಹತ್ತಿರ ಹೋಗಿ ಊರಿನ ವರದಿ ಒಪ್ಪಿಸುತ್ತಾನೆ. ಮೊದಲು ಹೋದ ಗಣಪ್ಪ ಕಡುಬು ತಿಂದ ಸಂತೋಷದಲ್ಲಿ ‘ಎಲ್ಲಾ ಚೆನ್ನಾಗಿದೆ’ ಎಂದಿರುತ್ತಾನೆ. ನಿಜ ಹೇಳುವವನು ಇವನು. ಅದನ್ನು ಕೇಳಿದ ಮೇಲೇ ಶಿವ ಮಳೆ ಕಳಿಸುವುದು. ನಾನು ಇದನ್ನು ನಂಬುತ್ತೇನೆ. ಎಷ್ಟೋ ಕಚೇರಿಗಳ ವರದಿಗಳನ್ನು ನಂಬಿದವರಿಗೆ ಇದನ್ನು ನಂಬುವುದು ಕಷ್ಟವಲ್ಲ.

“ಕುಂಬಾರ ಮುದಕಗ ಕೈ ನಡುಗಾಕತ್ತಾವ” ಎಂದಳು ಅಮೃತಮ್ಮ. “ಹೋದ ವರ್ಷ ಮಾಡಿದ ಜೋಕುಮಾರ ಬೆಕ್ಕಿನಂಗ ಆಗಿತ್ತು. ಈ ಸರ್ತಿ ನೀ ಮಾಡು. ಇಷ್ಟು ಮಂದಿನ್ನ ಮಾಡಿ ಗಾಜಿನ್ಯಾಗ ಇಟ್ಟಿ, ನಮಗೊಬ್ಬನ್ನ ಮಾಡಾಕ ಆಗಂಗಿಲ್ಲೇನು?”

“ಎಷ್ಟು ದಿನಕ್ಕ ಬೇಕು ದೊಡ್ಡವ್ವ?”

“ಏಳು ದಿನ.”

ಏಳು ದಿನ ಎಂದರೆ ಎಂಟನೆಯ ದಿನ ವಾಪಸು ಬರುತ್ತದೆಂದು ಬಾಲರಾಜ ತಿಳಿದ. ಈ ಊರಲ್ಲೇ ಹುಟ್ಟಿದವನಿಗೆ ಜೋಕುಮಾರ ಸಾಯುವುದು ಗೊತ್ತಿರಲಿಲ್ಲವೇ? ಗೊತ್ತಿತ್ತು. ಆದರೆ ಅಗಸನೊಬ್ಬನನ್ನು ಬಿಟ್ಟರೆ ಆ ಕಲ್ಲಿನ ಹತ್ತಿರ ನಡೆಯುವುದು ಹೆಂಗಸರ ಕೆಲಸ. ಅದೆಲ್ಲ ಏನೋ ತೋರಿಕೆಗೆ ಒಂದು ಏಟು ಹಾಕಿ, ಅತ್ತಂತೆ ಮಾಡಿ ಬರುತ್ತಾರೆಂದು ಅವನ ಎಣಿಕೆ. ಗಂಡಸರು ನಮ್ಮ ದೇವರ ಕೆಲಸಗಳನ್ನೆಲ್ಲ ಹೀಗೇ ಎಣಿಸುತ್ತಾರೆ. ಪ್ರಸಾದದ ಹೊತ್ತಿಗೆ ಮಾತ್ರ ಸರಿಯಾಗಿ ಬರುತ್ತಾರೆ.

ಎರಡೂವರೆ ತಿಂಗಳು ಅವನು ಬೇರೆ ಏನನ್ನೂ ಮುಟ್ಟಲಿಲ್ಲ. ಎಂಟು ವರ್ಷದಿಂದ ಪೆಟ್ಟಿಗೆಯನ್ನೂ ತೆರೆಯದೆ ಇಟ್ಟಿದ್ದ, ಒಂದಡಿ ಎತ್ತರದ, ತನ್ನ ಪಾಲಿಗೆ ಎಲ್ಲಕ್ಕಿಂತ ಹೆಚ್ಚಿನದಾದ ಫಿಗರನ್ನು ಕತ್ತರಿಸಿ ಅದರ ಮುಂಡ ತೆಗೆದ. ಆವತ್ತು ಊಟ ಮಾಡಲಿಲ್ಲವಂತೆ. ಹೊಸ ಕೀಲುಗಳನ್ನು ತಾನೇ ಮಾಡಿದ: ಗೋಲಿಯಂಥ ತುದಿ, ಅದು ಕೂರುವ ಬಟ್ಟಲಂಥ ಕುಳಿ, ನಡುವೆ ಸ್ಟೀಲಿನ ತಂತಿ. ಒಟ್ಟು ಇಪ್ಪತ್ತೆಂಟು. ಜೋಕುಮಾರನ ಬಾಯಿ ಅಗಲವಾಗಿರಬೇಕಲ್ಲ, ಅದಕ್ಕೆ ದವಡೆಗೂ ಕೀಲಿಟ್ಟು, ಸೆಟ್ಟಿನ ಹಲ್ಲುಗಳನ್ನೇ ನಾಲ್ಕು ನಾಲ್ಕು ಚೂರು ಮಾಡಿ ಅರದಿಂದ ಉಜ್ಜಿ ಎರಡು ಸಾಲು ಜೋಡಿಸಿದ. ಮೀಸೆ ತಿದ್ದಿದ, ಕೈಗೆ ಕತ್ತಿ ಕೊಟ್ಟ. ಹಳೆಯ ಪದ್ಧತಿಯಂತೆ ಜೋಕುಮಾರನಿಗೆ ಇರಬೇಕಾದ ಉಳಿದ ಅಂಗಗಳ ಬಗ್ಗೆ ನಾನು ಬರೆಯುವುದಿಲ್ಲ. ಪದ್ಧತಿಯಲ್ಲಿ ಅವನು ಲೋಪ ಮಾಡಲಿಲ್ಲ ಎಂದಷ್ಟು ಹೇಳಿ, ಅಮೃತಮ್ಮ ಕೂಡಲೇ ಒಂದು ಪಂಚೆ ಸುತ್ತಿದಳೆಂದು ಸೇರಿಸುತ್ತೇನೆ.

ಫೋಟೋ ಹೈದರಾಬಾದಿಗೆ ಹೋಯಿತು. ಅಲ್ಲಿಂದ ಚಪ್ಪಾಳೆಗಳು ಬಂದವು, ನಮಸ್ಕಾರಗಳು ಬಂದವು, ಕೊನೆಗೆ ಬಳಗದ ಮುಖ್ಯಸ್ಥನೇ ಮಾತಾಡಿದ. ಹುಣ್ಣಿಮೆ ಕಳೆದು ಎರಡನೆಯ ಭಾನುವಾರ ಮೇಳ. ಈ ಸಲ ಬಾಲರಾಜ್ ಸರ್ ಮೇಜು ಸಭಾಂಗಣದ ನಟ್ಟನಡುವೆ. ಅದರ ಮೇಲೆ ಜೋಕುಮಾರ ಒಬ್ಬನೇ.

“ತರ್ತೀನ್ರಿ, ಖರೇ ತರ್ತೀನಿ” ಎಂದ ಬಾಲರಾಜ. ಅತ್ತ ದೊಡ್ಡವ್ವನಿಗೂ ಒಪ್ಪಿಕೊಂಡಾಗಿತ್ತು. ಒಬ್ಬನೇ ಜೋಕುಮಾರನನ್ನು ಶಿವನಿಗೂ ಹೈದರಾಬಾದಿಗೂ ಕೊಡುತ್ತೇನೆಂದು ಮಾತು ಕೊಟ್ಟಂತಾಯಿತು.

ಅಷ್ಟಮಿಯ ದಿನ ಜೋಕುಮಾರ ಹುಟ್ಟಿದ. ಬುಟ್ಟಿಯಲ್ಲಿ ಕುಳಿತ ಮೇಲೆ ಹೊರುವ, ಬೆಣ್ಣೆ ಹಚ್ಚುವ ಹೆಂಗಸರ ಹೊರತು ಯಾರೂ ಮುಟ್ಟುವಂತಿಲ್ಲ, ಮಾಡಿದವನೂ ಮುಟ್ಟುವಂತಿಲ್ಲ. ಈ ನೇಮ ಬಾಲರಾಜನಿಗೆ ಅವತ್ತೇ ತಿಳಿದದ್ದು. ತಿಳಿದೊಡನೆ ಅಂಗಡಿಗೆ ಬೀಗ ಹಾಕಿ ಬುಟ್ಟಿಯ ಹಿಂದೆ ಹೊರಟ. ಶಹಾಪುರದಲ್ಲಿ ಎಷ್ಟೋ ಮುದುಕರು ಹಲ್ಲಿಗಾಗಿ ಕಾದು ಆ ವಾರ ಗಂಜಿ ಕುಡಿದರು. ಮುಂದೆ ಐದು ಹೆಂಗಸರು ಹಾಡುತ್ತ, ಹತ್ತು ಮಾರು ಹಿಂದೆ ಇವನು ಬೈಕು ನೂಕುತ್ತ.

ಮೊದಲ ಮನೆಯಲ್ಲೇ ಗದ್ದಲವಾಯಿತು. ಬೆಣ್ಣೆ ಹಚ್ಚಲು ಬೆರಳು ಒತ್ತಿದೊಡನೆ ಜೋಕುಮಾರ ಬಾಯಿ ಮುಚ್ಚಿಕೊಂಡ.

“ಯವ್ವಾ, ತಿಂದ! ಬೆಣ್ಣಿ ತಿಂದ ನೋಡ್ರೇ!”

ಅಲ್ಲಿಂದ ಊರಿಗೆ ಊರೇ ಬೆಣ್ಣೆ ಕಡೆಯಿತು. ಎಂದೂ ಹಿಡಿ ಜೋಳ ಹಾಕದವರೂ ಫೋನು ಹಿಡಿದು ಬಾಗಿಲಲ್ಲಿ ನಿಂತರು. ಬಾಲರಾಜ ಹಿಂದಿನಿಂದ ಕೂಗುತ್ತಿದ್ದ: “ಕೀಲಿಗಿ ಹಚ್ಚಬ್ಯಾಡ್ರಿ! ತುಟಿಗಿ ಅಷ್ಟ ಹಚ್ರಿ! ಬಣ್ಣ ಎದ್ದು ಹೋಗ್ತದ!”

“ಏ, ಹಿಂದ ಸರಿಯೋ” ಎಂದಳು ಅಮೃತಮ್ಮ. “ದೇವರು ಉಣ್ಣಾಕತ್ತಾನ, ನೀ ನಡುವ ಬಣ್ಣಾ ಬಣ್ಣಾ ಅಂತಿ.”

ಮೂರನೆಯ ದಿನಕ್ಕೆ ಬೆಣ್ಣೆ ಭುಜದ ಕುಳಿಗೆ ಇಳಿಯಿತು. ಎತ್ತಿ ಹಿಡಿದ ಕತ್ತಿಯ ಕೈ ನಿಧಾನಕ್ಕೆ ಜಾರತೊಡಗಿತು. ಜಾರಿ ಕೆಳಗೆ ಬಂದದ್ದು ಸರಿಯಾಗಿ ಬಸವಂತರಾಯರ ಅಂಗಳದಲ್ಲಿ. ಬಸವಂತರಾಯರೆಂದರೆ ಹಿಂದೊಮ್ಮೆ ಪಂಚಾಯಿತಿ ಅಧ್ಯಕ್ಷರಾಗಿದ್ದು, ಈಗಲೂ ಆ ಕುರ್ಚಿ ತಮ್ಮ ಕೆಳಗೇ ಇದೆಯೆಂದು ತಿಳಿದು ಕೂರುವವರು. “ನೋಡಿದ್ರೇನು? ನಮ್ಮ ಮನಿ ಮುಂದ ಕತ್ತಿ ಇಳಿಸ್ಯಾನ” ಎಂದು ಅವರು ಒಂದು ಮೊರದ ಬದಲು ಎರಡು ಮೊರ ಜೋಳ ಹಾಕಿಸಿದರು. ಕೀಲಿಗೆ ಜಿಡ್ಡು ಕೂತಿದೆ ಎಂದು ಹೇಳಲು ಬಾಲರಾಜ ಬಾಯಿ ತೆರೆದ. ಅಮೃತಮ್ಮ ನೋಡಿದ ನೋಟಕ್ಕೆ ಮುಚ್ಚಿದ. ಆ ದಿನ ಅವನ ದವಡೆಯ ಕೀಲೂ ಚೆನ್ನಾಗಿ ಕೆಲಸ ಮಾಡಿತು.

ಹೀಗೆ ಕಾವಲಿಗೆಂದು ಹೋದವನು ಬೇರೆ ದಾರಿಯಿಲ್ಲದೆ ಕೇಳಿಸಿಕೊಂಡ. ಪ್ರತಿ ಬಾಗಿಲಲ್ಲೂ ಒಬ್ಬ ಹೆಂಗಸು ಬುಟ್ಟಿಗೆ ಬಗ್ಗಿ ಏನಾದರೊಂದು ಹೇಳುತ್ತಿದ್ದಳು. ತೊಗರಿಯ ಹೂವು ಉದುರಿತು. ಮೊಮ್ಮಗಳಿಗೆ ನಾಲ್ಕು ತುಂಬಿದರೂ ಮಾತು ಬರಲಿಲ್ಲ. ಸೊಸೆ ಮಾತಾಡುವುದಿಲ್ಲ, ಪಕ್ಕದ ಮನೆಯ ಸೊಸೆ ಮಾತು ನಿಲ್ಲಿಸುವುದಿಲ್ಲ. ಒಬ್ಬಾಕೆ ಏನೂ ಹೇಳದೆ ಬೆಣ್ಣೆ ಹಚ್ಚಿದ ಬೆರಳನ್ನು ಹಾಗೇ ಇಟ್ಟುಕೊಂಡು ನಿಂತಿದ್ದಳು. ಹಾಡುವವರು ಅವಳಿಗಾಗಿ ಮತ್ತೊಂದು ಸುತ್ತು ಹಾಡಿದರು. ನಮ್ಮ ಬಾಗಿಲಿಗೂ ಬಂದ. ನಾನು ಹೇಳಿದ್ದು ಅವನಿಗೂ ಶಿವನಿಗೂ ಬಿಟ್ಟದ್ದು.

ಐದನೆಯ ದಿನ ಬುಟ್ಟಿ ಬಾಲರಾಜನ ಮನೆಗೇ ಬಂತು. ರೇಣುಕಾದೇವಿ ಮೊರದಲ್ಲಿ ಜೋಳ ತಂದಳು, ಬೊಗಸೆಯಷ್ಟು ಬೆಣ್ಣೆ ತಂದಳು. ಗಂಡ ಬೈಕಿನ ಪಕ್ಕ ನಿಂತಿರುವುದನ್ನು ನೋಡಿಯೂ ನೋಡದವಳಂತೆ ಜೋಕುಮಾರನ ಮುಂದೆ ಕುಳಿತಳು.

“ನೋಡಪಾ ಜೋಕುಮಾರ. ಈ ಮನ್ಯಾಗ ಕೀಲು ಇದ್ದವು ಇನ್ನೂರ ನಲವತ್ತು ಅದಾವ. ಕೀಲಿಲ್ಲದ್ದು ಒಂದ ಅದ. ಕುತ್ತಿಗಿ ನನ್ನ ಕಡಿ ತಿರುಗಂಗಿಲ್ಲ. ಹದಿನಾಲ್ಕು ವರ್ಷ ಆತು, ಬಿಸಿ ನೀರು ಹಾಕೀನಿ, ಎಣ್ಣಿ ಹಾಕೀನಿ, ಬಗ್ಗಂಗಿಲ್ಲ. ಶಿವಗ ಹೇಳು, ಏನರ ಮಾಡ್ಲಿ.”

ಹಾಡುವವರು ಹಾಡು ಬಿಟ್ಟು ನಕ್ಕರು. ಬುಟ್ಟಿ ಇಳಿಸಿ ಹಿಡಿದು ಕುಳಿತವಳು ನಕ್ಕ ರಭಸಕ್ಕೆ ಬುಟ್ಟಿಯೇ ಅಲುಗಾಡಿತು. ರೇಣುಕಾದೇವಿ ಮಾತ್ರ ನಗಲಿಲ್ಲ. ತಂದ ಬೆಣ್ಣೆಯನ್ನೆಲ್ಲ ಬಾಯಿಗೆ, ಕುತ್ತಿಗೆಗೆ, ಕುತ್ತಿಗೆಯ ಸಂದಿಗೆ ಬೆರಳು ಹಾಕಿ ತುಂಬಿದಳು. ಬಾಲರಾಜ ಎಂದಿನಂತೆ ಕೀಲು ಕೀಲು ಎಂದು ಕೂಗುತ್ತಾನೆಂದು ನಾವೆಲ್ಲ ಕಾದೆವು. ಅವನು ಬೈಕಿನ ಕನ್ನಡಿ ಒರೆಸಿದ.

ಹುಣ್ಣಿಮೆಗೆ ಹಿಂದಿನ ದಿನ ಅವನಿಗೆ ದಿಗಿಲು ಹತ್ತಿತು. ಅಗಸರ ಅಂಬ್ರಪ್ಪ ಹಳ್ಳದ ದಂಡೆಯಲ್ಲಿ ಒಂದು ಗುಂಡುಕಲ್ಲು ತೊಳೆದು ಇಡುತ್ತಿದ್ದ. ತೋರಿಕೆಯ ಏಟಿಗೆ ಬೇಕಾದ ಗಾತ್ರದ್ದಲ್ಲ ಅದು. ಬಾಲರಾಜ ಕೆರೆಯ ಮಣ್ಣು ತಂದು, ಸಂಜೆಯೊಳಗೆ ಅದೇ ಅಳತೆಯ ಮಣ್ಣಿನ ಜೋಕುಮಾರನನ್ನು ಮಾಡಿ, ಹಸಿಯಾಗಿಯೇ ಚೀಲದಲ್ಲಿಟ್ಟುಕೊಂಡು ದೊಡ್ಡವ್ವನ ಮನೆಗೆ ಹೋದ.

“ದೊಡ್ಡವ್ವ, ನಾಳಿ ಇದರ ತಲಿ ಒಡಸು. ಅದನ್ನ ನನಗ ಕೊಡು.”

ಅಮೃತಮ್ಮ ಸಿಟ್ಟು ಬಂದರೆ ಹಲ್ಲಿನ ಸೆಟ್ಟು ತೆಗೆದು ಕೈಯಲ್ಲಿ ಹಿಡಿದುಕೊಂಡು ಮಾತಾಡುತ್ತಾಳೆ. ಸೆಟ್ಟು ಮಾಡಿಕೊಟ್ಟವನು ಇವನೇ. ಅವಳು ಈಗ ಅದನ್ನು ತೆಗೆದಳು.

“ಇದು ಯಾರ್ಯಾರ ಮನಿಗಿ ಹೋಗಿತ್ತು?”

“ಎಲ್ಲೂ ಹೋಗಿಲ್ಲ, ಈಗ ಮಾಡೀನಿ. ಮದ್ಲಿಂದ ಮಣ್ಣಿಂದ ಇರ್ತಿತ್ತಲ್ಲ ದೊಡ್ಡವ್ವ, ಇದ ಶಾಸ್ತ್ರ.”

“ಮಣ್ಣಿಂದರ ಇರ್ಲಿ, ಬಂಗಾರದ್ದರ ಇರ್ಲಿ. ಕೇಳಿದವ ಯಾರು? ಮನಿಮನಿ ಬೆಣ್ಣಿ ತಿಂದು ಮಂದಿ ಸಂಕಟ ಕೇಳ್ಯಾನ ಅವ. ಇದು ಶಿವನ ಮುಂದ ನಿಂತು ಏನ್ ಹೇಳ್ತದ? ‘ನನ್ನ ನಿನ್ನಿ ಸಂಜಿಮುಂದ ಮಾಡ್ಯಾರ, ನನಗೇನೂ ಗೊತ್ತಿಲ್ರಿ’ ಅಂತದೇನು?”

“ಹೈದರಾಬಾದಿನ್ಯಾಗ ನನ್ನ ಮೇಜು ನಡುವ ಇಟ್ಟಾರ ದೊಡ್ಡವ್ವ. ಆರು ವರ್ಷ ಬಾಗಿಲ ಕಡಿ ಕುಂತೀನಿ.”

“ಕುಂದ್ರು. ನಡುವ ಇಟ್ಟರ ಮಳಿ ಬರ್ತದೇನು?”

ಹಲ್ಲು ಬಾಯಿಗೆ ಹಾಕಿಕೊಂಡಳು. ಮಾತು ಮುಗಿಯಿತೆಂದು ಅದರ ಅರ್ಥ.

ಮರುದಿನ ಇಳಿಹೊತ್ತು ಹಳ್ಳದ ದಂಡೆಗೆ ಬುಟ್ಟಿ ಹೋಯಿತು. ನಾವು ಹತ್ತು ಹನ್ನೆರಡು ಜನ ಹೆಂಗಸರಿದ್ದೆವು. ಜೋಕುಮಾರನನ್ನು ಅಗಸರ ಕಲ್ಲಿನ ಮೇಲೆ ಮಲಗಿಸಿ, ಪದ್ಧತಿಯಂತೆ ಬೆನ್ನು ತಿರುಗಿಸಿ ನಿಂತೆವು. ಅಂಬ್ರಪ್ಪ ಗುಂಡುಕಲ್ಲು ಎತ್ತಿ ಹಾಕಿದ. ಟಕ್ ಎಂದಿತು. ನಾವು ಅಳು ಶುರುಮಾಡಿದೆವು. ವರ್ಷವೂ ಅಳುವ ಅಳು. ಕೆಲವರು ಅದರ ನಡುವೆಯೇ ಇವತ್ತು ಅಡುಗೆ ಏನೆಂದು ಕೇಳಿಕೊಳ್ಳುತ್ತಾರೆ.

“ನಿಂದ್ರಿ, ಅಳಬ್ಯಾಡ್ರಿ” ಎಂದ ಅಂಬ್ರಪ್ಪ. “ಇನ್ನಾ ಅದಾನ.”

ತಿರುಗಿ ನೋಡಿದರೆ ಜೋಕುಮಾರ ಇಡಿಯಾಗಿ, ಬಾಯಿ ತೆರೆದು ಮಲಗಿದ್ದ. ತಲೆ ಹಾರಿತ್ತಂತೆ. ಹಳ್ಳಕ್ಕೆ ಬಿಡಲೆಂದು ಎತ್ತಿಕೊಂಡು, ಯಾಕೋ ಕುತ್ತಿಗೆಗೆ ಹಿಡಿದು ನೋಡಿದನಂತೆ. ಅದು ಟಕ್ಕೆಂದು ಹೋಗಿ ಕೂತಿತಂತೆ. ಮತ್ತೆ ಬೆನ್ನು ತಿರುಗಿಸಿದೆವು. ಎರಡನೆಯ ಏಟಿಗೆ ಕೈ ಬಂತು, ಕಾಲು ಬಂತು. ಒತ್ತಿದರೆ ಎರಡೂ ಕೂತವು. ಮೂರನೆಯ ಏಟಿಗೆ ಗುಂಡುಕಲ್ಲಿನ ಚಕ್ಕೆ ಎದ್ದು ಅಂಬ್ರಪ್ಪನ ಮೊಣಕಾಲಿಗೆ ಬಡಿಯಿತು. ಆ ಸಂಜೆ ಹರಿದ ರಕ್ತ ಅದೊಂದೇ.

ಈಗ ವಾದ ಹತ್ತಿತು. ತಿರುಗಿ ಕೂರುವ ತಲೆ ಬಿದ್ದರೆ ಅದು ಸತ್ತಂತೆಯೋ ಅಲ್ಲವೋ?

“ಬಿದ್ದಿತ್ತಲ್ಲ, ಅಷ್ಟ ಸಾಕು” ಎಂದಳು ಒಬ್ಬಳು. ಅವಳ ಮನೆಯಲ್ಲಿ ಒಲೆ ಮೇಲೆ ಹಾಲಿತ್ತು.

“ನಿನಗ ಸಾಕು. ನಾ ಮೂರು ದಿನ ಈ ಕಲ್ಲಿನ್ಯಾಗ ಅರಿವಿ ಒಗ್ಯಂಗಿಲ್ಲ, ಸೂತಕ” ಎಂದ ಅಂಬ್ರಪ್ಪ. “ಅವ ಸತ್ತಿಲ್ಲಂದ್ರ ನಾ ಯಾರ ಸೂತಕ ಹಿಡೀಲಿ? ಅವನೌನ, ಅಂಗಡಿ ಬೋರ್ಡಿನ ಮ್ಯಾಲೆ ಬರದಾನ, ಕಲ್ಲಿನ ಮ್ಯಾಲೆ ಬಿದ್ರೂ ಒಡ್ಯಂಗಿಲ್ಲ ಅಂತ. ಇಷ್ಟು ವರ್ಷ ಸುಳ್ಳು ಅಂದ್ಕೊಂಡಿದ್ದೆ.”

ಅಮೃತಮ್ಮ ದಂಡೆಯ ಮೇಲಿನ ಜಾಲಿಗಿಡದ ಕಡೆ ಮುಖ ಮಾಡಿದಳು. “ಬಾಲರಾಜ, ಅಲ್ಲಿ ಅದಿ ಅಂತ ಗೊತ್ತದ. ಬೈಕಿನ ಹಿಡಿಕಿ ಕಾಣಾಕತ್ತದ. ಬಾ ಈ ಕಡಿ.”

ಬಾಲರಾಜ ಬಂದ. ಹೆಗಲಲ್ಲಿ ಮಣ್ಣಿನ ಜೋಕುಮಾರನ ಚೀಲ. ಪ್ರತಿ ಏಟಿಗೂ ಅವನೊಳಗೆ ಮಗ ಪರೀಕ್ಷೆ ಪಾಸಾದಷ್ಟು ಸಂತೋಷವಾಗುತ್ತಿತ್ತೆಂದು ಆಮೇಲೆ ಹೇಳಿದ. ಮುಖ ನೋಡಿದ್ದರೆ ಅವನು ಹೇಳಬೇಕಾಗಿರಲಿಲ್ಲ. ಅವನು ಕಲ್ಲಿನ ಮುಂದೆ ಕುಳಿತು ಒಂದೊಂದೇ ಕೀಲು ಬಿಚ್ಚಿದ. ಕೈ, ಮೊಳಕೈ, ಮುಂಗೈ. ತೊಡೆ, ಮೊಣಕಾಲು, ಪಾದ. ದವಡೆ. ಎಲ್ಲವನ್ನೂ ಸಾಲಾಗಿ ಇಟ್ಟ. ಎಷ್ಟು ಸಲೀಸಾಗಿ ಬಿಚ್ಚಿದನೆಂದರೆ ಅದು ಸಾವಿನಂತೆ ಕಾಣಲಿಲ್ಲ, ಬಟ್ಟೆ ಮಡಚಿಟ್ಟಂತೆ ಕಂಡಿತು. ಅವನ ಯೋಚನೆ ಸರಳವಾಗಿತ್ತು: ಚೂರುಗಳು ಹಳ್ಳಕ್ಕೆ ಹೋಗುತ್ತವೆ, ಹಳ್ಳದಲ್ಲಿ ಮೊಣಕಾಲುದ್ದ ನೀರು, ಬೆಳಿಗ್ಗೆ ಬಂದು ಆರಿಸಿಕೊಂಡರಾಯಿತು. ಭಾನುವಾರಕ್ಕೆ ಇನ್ನೂ ದಿನಗಳಿವೆ.

“ಇನ್ನ ಕೂಡಂಗಿಲ್ಲಲ್ಲ?” ಎಂದು ಅಮೃತಮ್ಮ ಕೇಳಿದಳು.

ಅವನು ಸಾಲಾಗಿಟ್ಟ ಚೂರುಗಳನ್ನು ಇನ್ನೊಮ್ಮೆ ನೇರ ಮಾಡಿದ.

“ನೀನ ಹೇಳಪ್ಪ. ಮಾಡಿದವ ನೀನು, ನಮಗೇನು ತಿಳೀತದ? ನೀ ಸತ್ತಾನ ಅಂದ್ರ ಸತ್ತಾನ. ಹೊಳ್ಳಿ ಕೇಳಂಗಿಲ್ಲ.”

ಈ ಸಲ ಅವಳು ಹಲ್ಲು ತೆಗೆಯಲಿಲ್ಲ. ಬೈದಿದ್ದರೆ ಅವನು ಸುಲಭವಾಗಿ ಸುಳ್ಳು ಹೇಳುತ್ತಿದ್ದ. ಯಾರೂ ಬೈಯಲಿಲ್ಲ, ಒಲೆಯ ಮೇಲೆ ಹಾಲಿಟ್ಟು ಬಂದವಳೂ ಅವಸರ ಮಾಡಲಿಲ್ಲ. ಅವನು ಜೋಕುಮಾರನ ತಲೆ ಎತ್ತಿಕೊಂಡ. ಕುತ್ತಿಗೆಯ ಸಂದಿಯಲ್ಲಿ ರೇಣುಕಾದೇವಿ ತುಂಬಿದ ಬೆಣ್ಣೆ ಇನ್ನೂ ಇತ್ತು. ಅಂಗಿಯ ತುದಿಯಿಂದ ಅದನ್ನು ಒರೆಸಲು ಹೋಗಿ, ಒರೆಸದೆ ಬಿಟ್ಟ. ಕಿಸೆಯಲ್ಲಿ ಸದಾ ಇರುವ ಸಣ್ಣ ಕಟ್ಟರು ತೆಗೆದು, ಗೋಲಿಯಂಥ ಆ ತುದಿಯನ್ನು ಬುಡದಲ್ಲಿ ಹಿಡಿದು ಒತ್ತಿದ. ಗುಂಡುಕಲ್ಲಿಗೆ ಆಗದ್ದು ಅದಕ್ಕಾಯಿತು. ಸಪ್ಪಳ ಜೋಳದ ಕಾಳು ಹಲ್ಲಿಗೆ ಸಿಕ್ಕಷ್ಟು. ಆಮೇಲೆ ಭುಜದ್ದು, ತೊಡೆಯದು, ದವಡೆಯದು.

“ಕೂಡಂಗಿಲ್ಲ” ಎಂದ.

ಪದ್ಧತಿಯಂತೆ ನಾವು ಅಳಬೇಕಾಗಿತ್ತು. ನಮಗಿಂತ ಮೊದಲು ಅವನು ಅತ್ತ. ಅಷ್ಟು ವರ್ಷಗಳಲ್ಲಿ ಆ ಕಲ್ಲಿನ ಮುಂದೆ ಯಾರೂ ಹಾಗೆ ಅತ್ತದ್ದನ್ನು ನಾನು ಕೇಳಿಲ್ಲ. ಜೋಕುಮಾರನಿಗೂ ಅಭ್ಯಾಸವಿಲ್ಲದೆ ಮುಜುಗರವಾಗಿರಬೇಕು. ನಾವು ಸ್ವಲ್ಪ ಹೊತ್ತು ಕಾದು, ಅವನ ದನಿ ಇಳಿದ ಮೇಲೆ ನಮ್ಮ ಪಾಲಿನದನ್ನು ಅತ್ತು ಮುಗಿಸಿದೆವು. ಅಂಬ್ರಪ್ಪ ಮೊಣಕಾಲಿಗೆ ಬಟ್ಟೆ ಸುತ್ತಿಕೊಂಡು ಚೂರುಗಳನ್ನು ನೀರಿಗೆ ಬಿಟ್ಟ. ಬಾಲರಾಜ ಚೀಲದೊಳಗಿನ ಮಣ್ಣಿನ ಜೋಕುಮಾರನನ್ನೂ ಅಲ್ಲೇ ಬಿಟ್ಟ. ಹೇಳುವುದೇನೂ ಇಲ್ಲದ ಅದು ಬೇಗ ಕರಗಿತು.

ಹೈದರಾಬಾದಿಗೆ ‘ಜೋಕುಮಾರ ಸತ್ತ, ಕ್ಷಮಿಸಿ’ ಎಂದು ಬರೆದ. ಅಲ್ಲಿಂದ ಅಳುವ ಮುಖಗಳು ಸಾಲಾಗಿ ಬಂದವು, ಅವುಗಳ ಹಿಂದೆಯೇ ನಡುವಿನ ಮೇಜು ಇನ್ನೊಬ್ಬರಿಗೆ ಹೋದ ಸುದ್ದಿ ಬಂತು. ಶಿವನಾದರೂ ವರದಿಗೆ ಎಂಟು ದಿನ ತೆಗೆದುಕೊಂಡ. ಆಮೇಲೆ ಮಳೆ ಬಂತು. ಬಸವಂತರಾಯರು ಅದನ್ನು ತಮ್ಮ ಎರಡು ಮೊರ ಜೋಳದ ಲೆಕ್ಕಕ್ಕೆ ಬರೆದುಕೊಂಡರು.

ಹುಣ್ಣಿಮೆಯ ಆ ಸಂಜೆಯದು ಇನ್ನೊಂದು ಮಾತಿದೆ. ರೇಣುಕಾದೇವಿಯೇ ನನಗೆ ಹೇಳಿದ್ದು. ಬಾಲರಾಜ ಮನೆಗೆ ಬಂದು ಎಂದಿನಂತೆ ಕಪಾಟಿನ ಮುಂದೆ ಕುಳಿತ. ಜೋಕುಮಾರನಿಗೆಂದು ತೆರವು ಮಾಡಿದ್ದ ನಡುವಿನ ಅಂಕಣ ಖಾಲಿಯೇ ಇತ್ತು. ಅವಳು ಒಳಗಿನಿಂದ, ಉತ್ತರ ಬರುವುದಿಲ್ಲವೆಂದು ಗೊತ್ತಿದ್ದೇ, “ಸತ್ತನೇನು?” ಎಂದಳು.

ಅವನು ಕುಳಿತಲ್ಲಿಂದ ತಿರುಗಿದ. ಕುತ್ತಿಗೆಯನ್ನಷ್ಟೇ ಅಲ್ಲ, ಕಪಾಟಿಗೆ ಬೆನ್ನು ಹಾಕಿ ಇಡಿಯಾಗಿ ತಿರುಗಿ ಕುಳಿತ. “ಸತ್ತ” ಎಂದ. ಆಮೇಲೆ ಹೇಗೆ ಸತ್ತನೆಂದು ಹೇಳಿದ. ಹೇಗೆ ಹುಟ್ಟಿದ್ದನೆಂದು ಹೇಳಿದ. ಯಾವ ಕೀಲಿಗೆ ಯಾವ ತಂತಿ, ಯಾವ ಹಲ್ಲು ಯಾವ ಸೆಟ್ಟಿನದು, ಬೆರಳು ಎತ್ತದೆ ನಿಂತ ಆ ಹೆಂಗಸು ಯಾರು, ಅವಳು ಏನು ಹೇಳಬೇಕೆಂದಿದ್ದಳೋ. ರೊಟ್ಟಿ ಆರಿತು, ಪಲ್ಯ ಆರಿತು. ಹದಿನಾಲ್ಕು ವರ್ಷದ ಬಾಕಿ ಮಾತು. ಹದಿನೇಳನೆಯ ಕೀಲಿನ ಹೊತ್ತಿಗೆ ರೇಣುಕಾದೇವಿ ಎರಡು ಸಲ ಆಕಳಿಸಿದಳು.

“ಶಿವ ಇಷ್ಟು ಜಲ್ದಿ ಕೇಳ್ತಾನಂತ ಗೊತ್ತಿರ್ಲಿಲ್ಲ ನೋಡ್ರಿ” ಎಂದಳಂತೆ, ತಾಟು ಅವನ ಮುಂದೆ ಸರಿಸುತ್ತ. “ಗೊತ್ತಿದ್ರ ಬೆಣ್ಣಿ ಜರಾ ಕಡಿಮಿ ಹಚ್ತಿದ್ದೆ.”